ಹೈಬ್ರಿಡ್ ಡ್ರೈವ್‌ಗಳು: ಗಣಕಯಂತ್ರ ಮತ್ತು ಗೇಮ್ ಕನ್ಸೋಲ್‌ಗಳಲ್ಲಿ ಅವುಗಳ ಕಾರ್ಯಕ್ಷಮತೆ

1. ಪೀಠಿಕೆ

ಗಣಕಯಂತ್ರವು ಚಾಲನೆಯಾಗಿ ಬಳಕೆಗೆ ಸಿದ್ಧವಾಗಲು ತೆಗೆದುಕೊಳ್ಳುವ ಸಮಯ, ತಂತ್ರಾಂಶವೊಂದು ತೆರೆದುಕೊಳ್ಳಲು ಬೇಕಾಗುವ ಸಮಯ ಹಾಗೂ ಗೇಮ್ ಕನ್ಸೋಲ್‌ನಲ್ಲಿ ಆಟ ಆರಂಭವಾಗುವವರೆಗೆ ಕಾಯಬೇಕಾದ ಸಮಯ ಇವೆಲ್ಲವೂ ಬಹುಮಟ್ಟಿಗೆ ಆ ಯಂತ್ರದಲ್ಲಿರುವ ಸಂಗ್ರಹಣಾ ಡ್ರೈವ್ ಅನ್ನು ಅವಲಂಬಿಸಿರುತ್ತವೆ. ಪ್ರೊಸೆಸರ್ ಎಷ್ಟೇ ವೇಗವಾಗಿದ್ದರೂ ಡ್ರೈವ್‌ನಿಂದ ದತ್ತಾಂಶ ಬರುವವರೆಗೆ ಅದು ಕಾಯಲೇಬೇಕು.

2010 ರಿಂದ ಸುಮಾರು ಒಂದು ದಶಕದ ಅವಧಿಯಲ್ಲಿ ಹೈಬ್ರಿಡ್ ಡ್ರೈವ್ ಎಂಬ ಸಾಧನವು ಲ್ಯಾಪ್‌ಟಾಪ್, ಮೇಜಿನ ಗಣಕಯಂತ್ರ ಹಾಗೂ ಗೇಮ್ ಕನ್ಸೋಲ್‌ಗಳಲ್ಲಿ ಬಳಕೆಗೆ ಬಂದಿತು. ಹೊಸ ಯಂತ್ರಗಳಲ್ಲಿ ಇದು ಈಗ ಅಪರೂಪ. ಆದಾಗ್ಯೂ, ಆ ಅವಧಿಯ ಯಂತ್ರಗಳು ಮನೆ, ಶಾಲೆ ಹಾಗೂ ಸಣ್ಣ ಕಚೇರಿಗಳಲ್ಲಿ ಇಂದಿಗೂ ಬಳಕೆಯಲ್ಲಿವೆ ಮತ್ತು ಮರುಮಾರಾಟವಾಗುತ್ತಿವೆ. ಇಂತಹ ಯಂತ್ರವನ್ನು ಮಾರುವಾಗ "ಎಸ್‌ಎಸ್‌ಡಿಯ ವೇಗ, ಹಾರ್ಡ್ ಡಿಸ್ಕ್‌ನ ಸಾಮರ್ಥ್ಯ" ಎಂಬ ವಿವರಣೆ ನೀಡುವುದುಂಟು. ಸದರಿ ವಿವರಣೆಯು ಕೆಲವು ಸಂದರ್ಭಗಳಲ್ಲಿ ಮಾತ್ರ ನಿಜ. ಯಾವ ಸಂದರ್ಭಗಳಲ್ಲಿ ನಿಜ, ಯಾವ ಸಂದರ್ಭಗಳಲ್ಲಿ ಅಲ್ಲ ಎಂಬುದನ್ನು ಹಣ ಪಾವತಿಸುವ ಮುನ್ನವೇ ಗ್ರಾಹಕರು ತಿಳಿದಿರುವುದು ಸೂಕ್ತ. ಈ ಉದ್ದೇಶದಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಪದಗಳ ಅರ್ಥ ವಿವರಣೆ

(ಅ) ಹಾರ್ಡ್ ಡಿಸ್ಕ್: ತಿರುಗುವ ಕಾಂತೀಯ ತಟ್ಟೆಗಳ ಮೇಲೆ ದತ್ತಾಂಶವನ್ನು ಬರೆದಿಡುವ ಸಾಧನ. ಐಬಿಎಂ ಸಂಸ್ಥೆಯು 1956 ರಲ್ಲಿ ಮೊದಲ ಬಾರಿಗೆ ಇದನ್ನು ವಾಣಿಜ್ಯ ಬಳಕೆಗೆ ತಂದಿತು.

(ಆ) ಫ್ಲ್ಯಾಶ್ ಮೆಮೊರಿ: ಚಲಿಸುವ ಭಾಗಗಳಿಲ್ಲದೆ, ವಿದ್ಯುತ್ ಇಲ್ಲದಿರುವಾಗಲೂ ದತ್ತಾಂಶವನ್ನು ಉಳಿಸಿಕೊಳ್ಳುವ ಚಿಪ್. ಜಪಾನಿನ ತೋಶಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಒಕಾ ಅವರು 1980 ರ ದಶಕದಲ್ಲಿ ಇದನ್ನು ರೂಪಿಸಿದರು. ಮೊಬೈಲ್ ಫೋನ್, ಪೆನ್ ಡ್ರೈವ್ ಹಾಗೂ ಎಸ್‌ಎಸ್‌ಡಿಗಳಲ್ಲಿ ಇರುವುದು ಇದೇ ಬಗೆಯ ಚಿಪ್.

(ಇ) ಎಸ್‌ಎಸ್‌ಡಿ: ಸಂಪೂರ್ಣವಾಗಿ ಫ್ಲ್ಯಾಶ್ ಮೆಮೊರಿಯಿಂದಲೇ ಮಾಡಲ್ಪಟ್ಟ ಸಂಗ್ರಹಣಾ ಡ್ರೈವ್.

(ಈ) ಕ್ಯಾಶ್: ಪದೇ ಪದೇ ಬೇಕಾಗುವ ದತ್ತಾಂಶದ ಪ್ರತಿಯನ್ನು ಬೇಗನೆ ಕೈಗೆ ಸಿಗುವಂತೆ ಇಟ್ಟುಕೊಳ್ಳುವ ಚಿಕ್ಕ ಸಂಗ್ರಹ.

(ಉ) ಹೈಬ್ರಿಡ್ ಡ್ರೈವ್ ಅಥವಾ ಎಸ್‌ಎಸ್‌ಎಚ್‌ಡಿ: ಒಂದೇ ಪೆಟ್ಟಿಗೆಯೊಳಗೆ ಹಾರ್ಡ್ ಡಿಸ್ಕ್‌ನ ತಟ್ಟೆಗಳನ್ನೂ, ಕ್ಯಾಶ್ ಆಗಿ ಬಳಕೆಯಾಗುವ ಅಲ್ಪ ಪ್ರಮಾಣದ ಫ್ಲ್ಯಾಶ್ ಮೆಮೊರಿಯನ್ನೂ ಹೊಂದಿರುವ ಡ್ರೈವ್.

3. ಹಾರ್ಡ್ ಡಿಸ್ಕ್ ನಿಧಾನವಾಗಿರಲು ಕಾರಣ

ಲ್ಯಾಪ್‌ಟಾಪ್‌ಗಳ ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90 ಸುತ್ತು. ಒಂದು ಸುತ್ತಿಗೆ ಸುಮಾರು 11.1 ಮಿಲಿಸೆಕೆಂಡ್ ಬೇಕು. ಬೇಕಾದ ದತ್ತಾಂಶವು ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಸುಮಾರು 5.5 ಮಿಲಿಸೆಕೆಂಡ್ ಕಾಯಬೇಕು. ಇದಕ್ಕೂ ಮೊದಲು ಹೆಡ್ ತಾನಿರುವ ಸ್ಥಳದಿಂದ ಸರಿಯಾದ ಪಥಕ್ಕೆ ಚಲಿಸಬೇಕು. ಇದಕ್ಕೆ ಸುಮಾರು 12 ಮಿಲಿಸೆಕೆಂಡ್ ತಗಲುತ್ತದೆ. ಹೀಗೆ ಎಲ್ಲೋ ಇರುವ ಚಿಕ್ಕ ತುಣುಕೊಂದನ್ನು ಓದಲು ಒಟ್ಟು ಸುಮಾರು 17.5 ಮಿಲಿಸೆಕೆಂಡ್ ಆಗುತ್ತದೆ.

ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್‌ನಲ್ಲಿ ಅರ್ಧ ಸುತ್ತಿನ ಕಾಯುವಿಕೆ ಸುಮಾರು 4.2 ಮಿಲಿಸೆಕೆಂಡ್‌ಗೆ ಇಳಿಯುತ್ತದೆಯಾದರೂ ವ್ಯತ್ಯಾಸ ದೊಡ್ಡದಲ್ಲ. ಫ್ಲ್ಯಾಶ್ ಮೆಮೊರಿಯಲ್ಲಿ ಇದೇ ಕೆಲಸವು ಸುಮಾರು 0.1 ಮಿಲಿಸೆಕೆಂಡ್‌ನಲ್ಲಿ ಮುಗಿಯುತ್ತದೆ.

ಒಂದೇ ಕಡೆ ಸಾಲಾಗಿ ಇರುವ ದೊಡ್ಡ ಕಡತವನ್ನು, ಉದಾಹರಣೆಗೆ ಚಲನಚಿತ್ರವನ್ನು, ಓದುವಾಗ ಹಾರ್ಡ್ ಡಿಸ್ಕ್ ತೀರಾ ಹಿಂದೆ ಬೀಳುವುದಿಲ್ಲ. ಲ್ಯಾಪ್‌ಟಾಪ್ ಡಿಸ್ಕ್ ಸಹ ಸೆಕೆಂಡಿಗೆ ಸುಮಾರು 100 ಎಂಬಿ ಒದಗಿಸಬಲ್ಲದು. ಆದರೆ ಗಣಕಯಂತ್ರ ಚಾಲನೆಯಾಗುವಾಗ ಅಲ್ಲಲ್ಲಿ ಚದುರಿದ ಸಾವಿರಾರು ಚಿಕ್ಕ ತುಣುಕುಗಳು ಬೇಕಾಗುತ್ತವೆ. ನಿಧಾನಗತಿ ಕಂಡುಬರುವುದು ಇಲ್ಲಿಯೇ.

4. ಹೈಬ್ರಿಡ್ ಡ್ರೈವ್‌ನ ಕಾರ್ಯವಿಧಾನ

ಇದನ್ನು ಕಚೇರಿಯ ಉದಾಹರಣೆಯಿಂದ ಸುಲಭವಾಗಿ ಅರ್ಥಮಾಡಿಕೊಳ್ಳಬಹುದು. ಕಚೇರಿಯ ಎಲ್ಲ ಕಡತಗಳೂ ಅಭಿಲೇಖಾಲಯದ ಕಪಾಟುಗಳಲ್ಲಿರುತ್ತವೆ. ಪ್ರತಿ ಕಡತಕ್ಕೂ ಅಲ್ಲಿಗೆ ಹೋಗಿ ಹುಡುಕಿ ತರಬೇಕು. ಪ್ರತಿದಿನವೂ ಕೇಳಲ್ಪಡುವ ಕೆಲವು ಕಡತಗಳ ಪ್ರತಿಗಳನ್ನು ಗುಮಾಸ್ತರು ತಮ್ಮ ಮೇಜಿನ ಮೇಲೆಯೇ ಇಟ್ಟುಕೊಂಡರೆ ಆ ಕಡತಗಳು ಕೂಡಲೇ ಸಿಗುತ್ತವೆ. ತಟ್ಟೆಗಳೇ ಅಭಿಲೇಖಾಲಯ, ಫ್ಲ್ಯಾಶ್ ಮೆಮೊರಿಯೇ ಮೇಜು. ಯಾವ ಕಡತಕ್ಕೆ ಹೆಚ್ಚು ಬೇಡಿಕೆಯಿದೆ ಎಂಬುದನ್ನು ಡ್ರೈವ್‌ನೊಳಗಿನ ನಿಯಂತ್ರಕವು ಎಣಿಸುತ್ತಾ ಹೋಗಿ, ಮೇಜಿನ ಮೇಲಿರಬೇಕಾದುದನ್ನು ತಾನೇ ನಿರ್ಧರಿಸುತ್ತದೆ.

ಇದರಿಂದ ಮೂರು ಪರಿಣಾಮಗಳು ಉಂಟಾಗುತ್ತವೆ.

(ಅ) ಮೊದಲ ಬಾರಿ ಕೇಳಿದ ಕಡತಕ್ಕೆ ವೇಗ ದೊರೆಯುವುದಿಲ್ಲ. ಅದು ಅಭಿಲೇಖಾಲಯದಿಂದಲೇ ಬರಬೇಕು. ಎರಡನೆಯ, ಮೂರನೆಯ ಬಾರಿಯ ನಂತರವಷ್ಟೇ ವೇಗದ ಅನುಭವವಾಗುತ್ತದೆ.

(ಆ) ಮೇಜು ಚಿಕ್ಕದು. ಹೊಸ ಕಡತ ಬಂದಾಗ ಹಳೆಯದನ್ನು ತೆಗೆಯಬೇಕು. ಬೇರೆ ಬೇರೆ ಕೆಲಸಗಳನ್ನು ಒಂದಾದ ಮೇಲೊಂದರಂತೆ ಮಾಡುವವರ ಯಂತ್ರದಲ್ಲಿ ಮೇಜಿನ ಮೇಲಿನ ಕಡತಗಳು ಬದಲಾಗುತ್ತಲೇ ಇರುತ್ತವೆ.

(ಇ) ಡ್ರೈವ್‌ಗೆ ಕಡತದ ಹೆಸರಾಗಲೀ ವಿಷಯವಾಗಲೀ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ದತ್ತಾಂಶ ಇರುವ ಸ್ಥಳದ ಸಂಖ್ಯೆ ಮಾತ್ರ. ಆದ್ದರಿಂದ ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಅಥವಾ ಗೇಮ್ ಕನ್ಸೋಲ್ ಎಂಬ ಭೇದವಿಲ್ಲದೆ ಕೆಲಸ ಮಾಡಬಲ್ಲದು. ಅದೇ ಕಾರಣಕ್ಕೆ, "ಈ ಕಡತ ಮುಖ್ಯವಾದುದು, ಇದನ್ನು ಮೇಜಿನ ಮೇಲೆಯೇ ಇಡು" ಎಂದು ಬಳಕೆದಾರರು ಸಾಮಾನ್ಯವಾಗಿ ಆದೇಶಿಸಲಾಗದು.

ಬರೆಯುವ ಕೆಲಸದಲ್ಲಿ ಪ್ರಯೋಜನ ಇನ್ನೂ ಕಡಿಮೆ. ಮಾರುಕಟ್ಟೆಗೆ ಬಂದ ಹೈಬ್ರಿಡ್ ಡ್ರೈವ್‌ಗಳಲ್ಲಿ ಫ್ಲ್ಯಾಶ್ ಮೆಮೊರಿಯ ಬಳಕೆ ಪ್ರಧಾನವಾಗಿ ಓದುವುದಕ್ಕೆ ಮೀಸಲು. ದೊಡ್ಡ ಕಡತಗಳನ್ನು ನಕಲು ಮಾಡುವಾಗ ಅವು ಬಹುಮಟ್ಟಿಗೆ ಸಾಮಾನ್ಯ ಹಾರ್ಡ್ ಡಿಸ್ಕ್‌ನ ವೇಗವನ್ನೇ ತೋರುತ್ತವೆ. ಇದಲ್ಲದೆ, ಹೆಚ್ಚು ಸಾಮರ್ಥ್ಯದ ಕೆಲವು 2.5 ಅಂಗುಲ ಮಾದರಿಗಳಲ್ಲಿ ಪಥಗಳನ್ನು ಹೆಂಚುಗಳಂತೆ ಒಂದರ ಅಂಚಿನ ಮೇಲೊಂದು ಬರುವಂತೆ ಬರೆಯುವ ವಿಧಾನವಿದೆ. ಒಂದು ಪಥವನ್ನು ತಿದ್ದಬೇಕಾದರೆ ಅದರ ನೆರೆಯ ಪಥಗಳನ್ನೂ ಮರಳಿ ಬರೆಯಬೇಕಾಗುವುದರಿಂದ, ದೀರ್ಘಕಾಲ ಎಡೆಬಿಡದೆ ಬರೆಯುವಾಗ ಇವುಗಳ ವೇಗ ಮತ್ತಷ್ಟು ಕುಸಿಯುತ್ತದೆ.

5. ನಡೆದು ಬಂದ ಬಗೆ

2005 ರಲ್ಲಿ ಸ್ಯಾಮ್‌ಸಂಗ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಹೈಬ್ರಿಡ್ ಹಾರ್ಡ್ ಡಿಸ್ಕ್‌ನ ಮಾದರಿಯನ್ನು ಪ್ರದರ್ಶಿಸಿದವು. 2007 ರಲ್ಲಿ ಸ್ಯಾಮ್‌ಸಂಗ್‌ನ ಡ್ರೈವ್‌ಗಳು 128 ಅಥವಾ 256 ಎಂಬಿ ಫ್ಲ್ಯಾಶ್‌ನೊಂದಿಗೆ ಮಾರುಕಟ್ಟೆಗೆ ಬಂದವು. ಅದೇ ವರ್ಷ ಬಿಡುಗಡೆಯಾದ ವಿಂಡೋಸ್ ವಿಸ್ಟಾದಲ್ಲಿ ಇವುಗಳಿಗಾಗಿ ರೆಡಿಡ್ರೈವ್ ಎಂಬ ಸೌಲಭ್ಯವಿತ್ತು. ಈ ಏರ್ಪಾಡಿನಲ್ಲಿ ಮೇಜಿನ ಮೇಲೆ ಏನಿರಬೇಕೆಂಬುದನ್ನು ಕಾರ್ಯಾಚರಣ ವ್ಯವಸ್ಥೆಯೇ ನಿರ್ಧರಿಸಬೇಕಿತ್ತು. ಮೇಜು ತೀರಾ ಚಿಕ್ಕದಾಗಿದ್ದುದರಿಂದಲೂ, ಒಂದೇ ಕಾರ್ಯಾಚರಣ ವ್ಯವಸ್ಥೆಯನ್ನು ಅವಲಂಬಿಸಿದ್ದುದರಿಂದಲೂ ಈ ಪ್ರಯತ್ನ ನೆಲೆಯೂರಲಿಲ್ಲ.

2010 ರಲ್ಲಿ ಸೀಗೇಟ್ ಸಂಸ್ಥೆಯು ಮೊಮೆಂಟಸ್ ಎಕ್ಸ್‌ಟಿ ಎಂಬ ಡ್ರೈವ್ ಅನ್ನು ಬಿಡುಗಡೆ ಮಾಡಿತು. 500 ಜಿಬಿವರೆಗಿನ ತಟ್ಟೆಗಳ ಜೊತೆಗೆ ಇದರಲ್ಲಿ 4 ಜಿಬಿ ಫ್ಲ್ಯಾಶ್ ಇತ್ತು. ನಿರ್ಧಾರವನ್ನು ಡ್ರೈವ್ ಸ್ವತಃ ಕೈಗೊಳ್ಳುವಂತಾದುದೇ ಇದರ ಮುಖ್ಯ ಬದಲಾವಣೆ. ಹೀಗಾಗಿ ಯಾವುದೇ ವಿಶೇಷ ತಂತ್ರಾಂಶದ ಅಗತ್ಯವಿಲ್ಲದೆ ಇದನ್ನು ಯಾವ ಯಂತ್ರಕ್ಕಾದರೂ ಅಳವಡಿಸಬಹುದಾಯಿತು. 2011 ರಲ್ಲಿ 750 ಜಿಬಿಯ ಮಾದರಿ 8 ಜಿಬಿ ಫ್ಲ್ಯಾಶ್‌ನೊಂದಿಗೆ ಬಂದಿತು. 2013 ರಲ್ಲಿ ಮೇಜಿನ ಗಣಕಯಂತ್ರಕ್ಕೂ ಇಂತಹ ಡ್ರೈವ್‌ಗಳು ಬಂದವು. 2016 ರಲ್ಲಿ ಇದೇ ಸಾಲಿನ ಡ್ರೈವ್‌ಗಳಿಗೆ ಫೈರ್‌ಕುಡಾ ಎಂಬ ಹೆಸರಿಡಲಾಯಿತು. ತೋಶಿಬಾ ಮತ್ತು ವೆಸ್ಟರ್ನ್ ಡಿಜಿಟಲ್ ಸಂಸ್ಥೆಗಳೂ ಹೈಬ್ರಿಡ್ ಡ್ರೈವ್‌ಗಳನ್ನು ತಯಾರಿಸಿದವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. 500 ಜಿಬಿಗೆ 4 ಜಿಬಿ ಎಂದರೆ ಶೇ. 0.8. 1 ಟಿಬಿಗೆ 8 ಜಿಬಿ ಎಂದರೂ ಶೇ. 0.8. 2 ಟಿಬಿಯ ಡ್ರೈವ್‌ನಲ್ಲಿಯೂ ಫ್ಲ್ಯಾಶ್ 8 ಜಿಬಿಯಷ್ಟೇ ಇದ್ದುದರಿಂದ ಈ ಪ್ರಮಾಣ ಶೇ. 0.4 ಕ್ಕೆ ಇಳಿಯಿತು. ಅಭಿಲೇಖಾಲಯ ದೊಡ್ಡದಾಯಿತು, ಮೇಜು ಹಾಗೆಯೇ ಉಳಿಯಿತು.

6. ಕಾರ್ಯಕ್ಷಮತೆಯ ಲೆಕ್ಕಾಚಾರ

ಕೇಳಿದ ದತ್ತಾಂಶವು ಎಷ್ಟು ಬಾರಿ ಫ್ಲ್ಯಾಶ್‌ನಲ್ಲಿಯೇ ಸಿಗುತ್ತದೆ ಎಂಬುದರ ಮೇಲೆ ಹೈಬ್ರಿಡ್ ಡ್ರೈವ್‌ನ ವೇಗ ನಿಂತಿದೆ. ಇದನ್ನು ತೂಕದ ಸರಾಸರಿಯ ಲೆಕ್ಕದಿಂದ ತಿಳಿಯಬಹುದು. ಫ್ಲ್ಯಾಶ್‌ನಿಂದ ಓದಲು 0.1 ಮಿಲಿಸೆಕೆಂಡ್, ತಟ್ಟೆಯಿಂದ ಓದಲು 17.5 ಮಿಲಿಸೆಕೆಂಡ್ ಎಂದು ಇಟ್ಟುಕೊಂಡರೆ, ಒಂದರ ನಂತರ ಒಂದರಂತೆ 1,000 ಚಿಕ್ಕ ತುಣುಕುಗಳನ್ನು ಓದಲು ತಗಲುವ ಸಮಯ ಈ ಕೆಳಕಂಡಂತಿರುತ್ತದೆ.

– ಎಲ್ಲವೂ ತಟ್ಟೆಯಿಂದ ಬಂದರೆ: 17.5 ಸೆಕೆಂಡ್
– ಶೇ. 10 ರಷ್ಟು ಫ್ಲ್ಯಾಶ್‌ನಲ್ಲಿ ಸಿಕ್ಕರೆ: ಸುಮಾರು 15.8 ಸೆಕೆಂಡ್
– ಶೇ. 50 ರಷ್ಟು ಸಿಕ್ಕರೆ: 8.8 ಸೆಕೆಂಡ್
– ಶೇ. 80 ರಷ್ಟು ಸಿಕ್ಕರೆ: ಸುಮಾರು 3.6 ಸೆಕೆಂಡ್
– ಶೇ. 95 ರಷ್ಟು ಸಿಕ್ಕರೆ: ಸುಮಾರು 1 ಸೆಕೆಂಡ್
– ಎಲ್ಲವೂ ಫ್ಲ್ಯಾಶ್‌ನಿಂದ ಬಂದರೆ: 0.1 ಸೆಕೆಂಡ್

ಇದು ವಿವರಣೆಗಾಗಿ ಮಾಡಿದ ಲೆಕ್ಕ. ವಾಸ್ತವದಲ್ಲಿ ಹತ್ತಿರದ ತುಣುಕುಗಳನ್ನು ಒಟ್ಟಿಗೆ ಓದುವ ಕ್ರಮವಿರುವುದರಿಂದ ಹಾರ್ಡ್ ಡಿಸ್ಕ್‌ನ ಸಮಯ ಸ್ವಲ್ಪ ಕಡಿಮೆಯಾಗುತ್ತದೆ. ಆದರೂ ಲೆಕ್ಕದ ಸಾರ ಬದಲಾಗುವುದಿಲ್ಲ. ಅರ್ಧದಷ್ಟು ದತ್ತಾಂಶ ಮೇಜಿನ ಮೇಲೆಯೇ ಇದ್ದರೂ ವೇಗ ಎರಡು ಪಟ್ಟು ಮಾತ್ರ ಆಗುತ್ತದೆ. ಶೇ. 95 ರಷ್ಟು ಇದ್ದಾಗಲೂ ಪೂರ್ಣ ಎಸ್‌ಎಸ್‌ಡಿಗಿಂತ ಸುಮಾರು ಹತ್ತು ಪಟ್ಟು ನಿಧಾನವಾಗಿಯೇ ಇರುತ್ತದೆ. ಉಳಿದ ಶೇ. 5 ರಷ್ಟೇ ಬಹುಪಾಲು ಸಮಯವನ್ನು ನುಂಗಿಹಾಕುತ್ತದೆ.

7. ಗಣಕಯಂತ್ರಗಳಲ್ಲಿ ಕಾರ್ಯಕ್ಷಮತೆ

ಪ್ರಯೋಜನ ಸ್ಪಷ್ಟವಾಗಿ ಕಂಡುಬರುವ ಕೆಲಸಗಳು: ಪ್ರತಿದಿನ ಗಣಕಯಂತ್ರವನ್ನು ಚಾಲನೆ ಮಾಡುವುದು, ಬ್ರೌಸರ್, ಪತ್ರ ತಯಾರಿಸುವ ತಂತ್ರಾಂಶ, ಲೆಕ್ಕಪತ್ರದ ತಂತ್ರಾಂಶ ಮುಂತಾದ ಅವೇ ನಾಲ್ಕಾರು ತಂತ್ರಾಂಶಗಳನ್ನು ತೆರೆಯುವುದು. ಇವುಗಳಿಗೆ ಬೇಕಾಗುವ ದತ್ತಾಂಶ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ ಮತ್ತು ಅದರ ಬಹುಭಾಗ 8 ಜಿಬಿಯೊಳಗೆ ಹಿಡಿಸುತ್ತದೆ. ಹೀಗಾಗಿ ದಿನನಿತ್ಯ ಒಂದೇ ಬಗೆಯ ಕೆಲಸ ಮಾಡುವ ಕಚೇರಿಯ ಯಂತ್ರಕ್ಕೆ ಹೈಬ್ರಿಡ್ ಡ್ರೈವ್ ತಕ್ಕಮಟ್ಟಿಗೆ ಹೊಂದುತ್ತದೆ.

ಪ್ರಯೋಜನ ಕಂಡುಬಾರದ ಕೆಲಸಗಳು: ತಂತ್ರಾಂಶವನ್ನು ಹೊಸದಾಗಿ ಸ್ಥಾಪಿಸುವುದು, ಕಾರ್ಯಾಚರಣ ವ್ಯವಸ್ಥೆಯ ದೊಡ್ಡ ನವೀಕರಣ, ಛಾಯಾಚಿತ್ರ ಹಾಗೂ ವಿಡಿಯೋಗಳ ನಕಲು, ವೈರಸ್ ತಪಾಸಣೆ ಮತ್ತು ತಿಂಗಳಿಗೊಮ್ಮೆ ಮಾತ್ರ ತೆರೆಯುವ ಕಡತಗಳು. ದೊಡ್ಡ ನವೀಕರಣದ ನಂತರ ವ್ಯವಸ್ಥೆಯ ಕಡತಗಳು ತಟ್ಟೆಯ ಬೇರೆ ಸ್ಥಳಕ್ಕೆ ಬರೆಯಲ್ಪಡುವುದರಿಂದ ಕ್ಯಾಶ್ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ನವೀಕರಣವಾದ ಒಂದೆರಡು ದಿನ ಯಂತ್ರ ನಿಧಾನವಾಗಿ ಕಂಡರೆ ಅದೂ ಒಂದು ಕಾರಣವಾಗಿರಬಹುದು. ಇದೇ ಕಾರಣಕ್ಕೆ, ಕಡತಗಳನ್ನು ಸ್ಥಳಾಂತರಿಸುವ ಡಿಫ್ರಾಗ್ ಕ್ರಿಯೆಯನ್ನು ಪದೇ ಪದೇ ನಡೆಸುವುದು ಸೂಕ್ತವಲ್ಲ.

ಮಾರಾಟಗಾರರು ವೇಗವನ್ನು ತೋರಿಸಿಕೊಡುವಾಗ ಒಂದೇ ತಂತ್ರಾಂಶವನ್ನು ಮೂರು ನಾಲ್ಕು ಬಾರಿ ತೆರೆದು ಮುಚ್ಚಿದರೆ ಕೊನೆಯ ಬಾರಿಯ ವೇಗ ಆಕರ್ಷಕವಾಗಿ ಕಾಣುತ್ತದೆ. ಗ್ರಾಹಕರು ಯಂತ್ರವನ್ನು ಪೂರ್ಣ ಸ್ಥಗಿತಗೊಳಿಸಿ, ಮರುಚಾಲನೆ ಮಾಡಿಸಿ, ಅದುವರೆಗೆ ತೆರೆಯದ ತಂತ್ರಾಂಶವೊಂದನ್ನು ತೆರೆಯಿಸಿ ನೋಡತಕ್ಕದ್ದು.

8. ಗೇಮ್ ಕನ್ಸೋಲ್‌ಗಳಲ್ಲಿ ಕಾರ್ಯಕ್ಷಮತೆ

ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 3 (2006) ಮತ್ತು ಪ್ಲೇಸ್ಟೇಷನ್ 4 (2013) ಕನ್ಸೋಲ್‌ಗಳಲ್ಲಿ ಒಳಗಿನ 2.5 ಅಂಗುಲದ ಡ್ರೈವ್ ಅನ್ನು ಬಳಕೆದಾರರೇ ಬದಲಾಯಿಸಲು ಅವಕಾಶವಿದೆ. ಪ್ಲೇಸ್ಟೇಷನ್ 4 ಕ್ಕೆ ಅಳವಡಿಸುವ ಡ್ರೈವ್ 9.5 ಮಿಲಿಮೀಟರ್‌ಗಿಂತ ದಪ್ಪವಿರಬಾರದು ಮತ್ತು ಕನಿಷ್ಠ 160 ಜಿಬಿ ಸಾಮರ್ಥ್ಯದ್ದಾಗಿರಬೇಕು. ಮೂಲ ಡ್ರೈವ್ 5,400 ಸುತ್ತಿನ ಸಾಮಾನ್ಯ ಹಾರ್ಡ್ ಡಿಸ್ಕ್ ಆಗಿದ್ದುದರಿಂದ ಅನೇಕರು ಅದರ ಸ್ಥಾನದಲ್ಲಿ ಹೈಬ್ರಿಡ್ ಡ್ರೈವ್ ಅಳವಡಿಸಿಕೊಂಡರು. ಮೈಕ್ರೋಸಾಫ್ಟ್ ಸಂಸ್ಥೆಯು 2015 ರಲ್ಲಿ ಎಕ್ಸ್‌ಬಾಕ್ಸ್ ಒನ್ ಎಲೈಟ್ ಎಂಬ ಕನ್ಸೋಲ್ ಅನ್ನು 1 ಟಿಬಿ ಹೈಬ್ರಿಡ್ ಡ್ರೈವ್‌ನೊಂದಿಗೇ ಮಾರಾಟಕ್ಕೆ ತಂದಿತು. ವಿದ್ಯುತ್ ಉಳಿತಾಯ ಸ್ಥಿತಿಯಿಂದ ಚಾಲನೆಯಾಗುವ ಸಮಯ ಶೇ. 20 ರವರೆಗೆ ಕಡಿಮೆಯಾಗುವುದೆಂದು ಸಂಸ್ಥೆ ತಿಳಿಸಿತ್ತು. ಈ ಹೇಳಿಕೆ ಯಂತ್ರದ ಚಾಲನೆಗೆ ಸಂಬಂಧಿಸಿದ್ದು. ಪ್ರತಿ ಆಟವೂ ಶೇ. 20 ರಷ್ಟು ಬೇಗ ತೆರೆಯುವುದೆಂದು ಅರ್ಥವಲ್ಲ.

ಕನ್ಸೋಲ್‌ನಲ್ಲಿ ಹೈಬ್ರಿಡ್ ಡ್ರೈವ್‌ನ ಪ್ರಯೋಜನವನ್ನು ಮಿತಿಗೊಳಿಸುವ ಅಂಶಗಳು ಹೀಗಿವೆ.

(ಅ) ಆಟದ ಗಾತ್ರ: ಈ ಪೀಳಿಗೆಯ ದೊಡ್ಡ ಆಟಗಳು 50 ಜಿಬಿ ಅಥವಾ ಅದಕ್ಕೂ ಹೆಚ್ಚು ಸ್ಥಳ ಪಡೆಯುತ್ತವೆ. 8 ಜಿಬಿ ಕ್ಯಾಶ್ ಪೂರ್ತಿಯಾಗಿ ಒಂದೇ ಆಟಕ್ಕೆ ದೊರೆತರೂ ಅದು 50 ಜಿಬಿಯ ಆಟದ ಶೇ. 16 ಮಾತ್ರ. ಆಟದ ಹೊಸ ಹಂತವನ್ನು ಮೊದಲ ಬಾರಿ ಪ್ರವೇಶಿಸುವಾಗ ಎಲ್ಲ ದತ್ತಾಂಶವೂ ತಟ್ಟೆಯಿಂದಲೇ ಬರುತ್ತದೆ. ಸೋತು ಅದೇ ಹಂತವನ್ನು ಮತ್ತೆ ಮತ್ತೆ ಆಡುವವರಿಗೆ ಕಾಯುವಿಕೆ ಕಡಿಮೆಯಾಗುತ್ತದೆ.

(ಆ) ಆಡುವ ರೂಢಿ: ವಾರಗಟ್ಟಲೆ ಒಂದೇ ಆಟವನ್ನು ಆಡುವವರಿಗೆ ಪ್ರಯೋಜನ ಹೆಚ್ಚು. ಒಂದೇ ಕನ್ಸೋಲ್‌ನಲ್ಲಿ ಮನೆಯ ಮೂವರು ಮೂರು ಬೇರೆ ಆಟಗಳನ್ನು ಆಡುತ್ತಿದ್ದರೆ ಒಬ್ಬರ ದತ್ತಾಂಶ ಮತ್ತೊಬ್ಬರದನ್ನು ಮೇಜಿನಿಂದ ಹೊರಗೆ ಹಾಕುತ್ತದೆ.

(ಇ) ಕನ್ಸೋಲ್‌ನ ಇತರ ಭಾಗಗಳು: 2013 ರ ಪ್ಲೇಸ್ಟೇಷನ್ 4 ರಲ್ಲಿ ಡ್ರೈವ್ ಸಂಪರ್ಕದ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 300 ಎಂಬಿ. 2016 ರ ಪ್ಲೇಸ್ಟೇಷನ್ 4 ಪ್ರೊ ಮಾದರಿಯಲ್ಲಿ ಇದು ದ್ವಿಗುಣಗೊಂಡಿತು. ಆದರೆ ಓದಿದ ದತ್ತಾಂಶವನ್ನು ಬಿಡಿಸಿ ಸಿದ್ಧಪಡಿಸುವ ಕೆಲಸ ಪ್ರೊಸೆಸರ್‌ನದು. ಆ ಕೆಲಸ ನಿಧಾನವಾಗಿರುವಾಗ ಪೂರ್ಣ ಎಸ್‌ಎಸ್‌ಡಿ ಅಳವಡಿಸಿದರೂ ಕಾಯುವಿಕೆ ಸಂಪೂರ್ಣವಾಗಿ ಇಲ್ಲವಾಗುವುದಿಲ್ಲ.

ಆಟದ ಚಿತ್ರಗಳ ಗುಣಮಟ್ಟವಾಗಲೀ, ಇಂಟರ್‌ನೆಟ್ ಮೂಲಕ ಆಡುವಾಗಿನ ವಿಳಂಬವಾಗಲೀ ಡ್ರೈವ್ ಬದಲಾವಣೆಯಿಂದ ಸುಧಾರಿಸುವುದಿಲ್ಲ.

ಹಾರ್ಡ್ ಡಿಸ್ಕ್‌ನ ನಿಧಾನಗತಿಯು ಆಟಗಳ ರಚನೆಯನ್ನೇ ಪ್ರಭಾವಿಸಿತ್ತು. ಹೆಡ್‌ನ ಓಡಾಟವನ್ನು ತಪ್ಪಿಸಲು ಒಂದೇ ದತ್ತಾಂಶದ ಪ್ರತಿಗಳನ್ನು ಡಿಸ್ಕ್‌ನ ಹಲವು ಕಡೆ ಇಡಲಾಗುತ್ತಿತ್ತು. ಸೋನಿ ಸಂಸ್ಥೆಯ ಕನ್ಸೋಲ್ ವಿನ್ಯಾಸಕ ಮಾರ್ಕ್ ಸರ್ನಿ ಅವರು 2020 ರ ಮಾರ್ಚ್‌ನಲ್ಲಿ ನೀಡಿದ ಉಪನ್ಯಾಸದಲ್ಲಿ, ಸ್ಪೈಡರ್‌ಮ್ಯಾನ್ ಆಟದ ಕೆಲವು ದತ್ತಾಂಶ ಹಾರ್ಡ್ ಡಿಸ್ಕ್‌ನಲ್ಲಿ 400 ಬಾರಿ ನಕಲಾಗಿರುವುದನ್ನು ವಿವರಿಸಿದರು. ಹೀಗಾಗಿ ಮುಂದಿನ ಪೀಳಿಗೆಯಲ್ಲಿ ಕನ್ಸೋಲ್ ತಯಾರಕರು ಹಾರ್ಡ್ ಡಿಸ್ಕ್ ಅನ್ನೂ ಹೈಬ್ರಿಡ್ ಡ್ರೈವ್ ಅನ್ನೂ ಕೈಬಿಟ್ಟರು. 2020 ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ರ ಎಸ್‌ಎಸ್‌ಡಿ ಸೆಕೆಂಡಿಗೆ 5.5 ಜಿಬಿ ಹಾಗೂ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ ಎಸ್‌ಎಸ್‌ಡಿ ಸೆಕೆಂಡಿಗೆ 2.4 ಜಿಬಿ ದತ್ತಾಂಶವನ್ನು ಓದಬಲ್ಲವು. ಪ್ಲೇಸ್ಟೇಷನ್ 5 ರ ಆಟಗಳನ್ನು ಯುಎಸ್‌ಬಿ ಮೂಲಕ ಜೋಡಿಸಿದ ಹಾರ್ಡ್ ಡಿಸ್ಕ್ ಅಥವಾ ಹೈಬ್ರಿಡ್ ಡ್ರೈವ್‌ನಲ್ಲಿ ಇರಿಸಬಹುದೇ ಹೊರತು ಅಲ್ಲಿಂದಲೇ ಆಡಲಾಗದು. ಆದರೆ ಅದೇ ಕನ್ಸೋಲ್‌ನಲ್ಲಿ ಪ್ಲೇಸ್ಟೇಷನ್ 4 ರ ಆಟಗಳನ್ನು ಅಂತಹ ಡ್ರೈವ್‌ನಿಂದ ಆಡಬಹುದು. ಗಣಕಯಂತ್ರದ ಆಟಗಳಲ್ಲಿಯೂ ಇದೇ ಬದಲಾವಣೆ ಆಗಿದೆ. 2023 ರಲ್ಲಿ ಬಿಡುಗಡೆಯಾದ ಸ್ಟಾರ್‌ಫೀಲ್ಡ್ ಆಟದ ಕನಿಷ್ಠ ಅರ್ಹತೆಯಲ್ಲಿಯೇ ಎಸ್‌ಎಸ್‌ಡಿ ಕಡ್ಡಾಯವೆಂದು ನಮೂದಿಸಲಾಗಿದೆ.

9. ಎರಡು ಸಾಧನಗಳನ್ನು ಜೋಡಿಸಿದ ವ್ಯವಸ್ಥೆಗಳು

ಪ್ರತ್ಯೇಕ ಹಾರ್ಡ್ ಡಿಸ್ಕ್ ಮತ್ತು ಪ್ರತ್ಯೇಕ ಫ್ಲ್ಯಾಶ್ ಸಾಧನವನ್ನು ತಂತ್ರಾಂಶದ ಮೂಲಕ ಜೋಡಿಸುವ ಕ್ರಮವೂ ಇದೆ. ಇಂಟೆಲ್ ಸಂಸ್ಥೆಯು 2011 ರಲ್ಲಿ 64 ಜಿಬಿವರೆಗೆ ಎಸ್‌ಎಸ್‌ಡಿಯನ್ನು ಕ್ಯಾಶ್ ಆಗಿ ಬಳಸುವ ಸ್ಮಾರ್ಟ್ ರೆಸ್ಪಾನ್ಸ್ ಸೌಲಭ್ಯವನ್ನೂ, 2017 ರಲ್ಲಿ 16 ಮತ್ತು 32 ಜಿಬಿಯ ಆಪ್ಟೇನ್ ಮೆಮೊರಿಯನ್ನೂ ತಂದಿತು. ಆಪ್ಟೇನ್ ವ್ಯವಹಾರವನ್ನು ಮುಕ್ತಾಯಗೊಳಿಸುವುದಾಗಿ ಸಂಸ್ಥೆಯು 2022 ರಲ್ಲಿ ಪ್ರಕಟಿಸಿತು.

ಆಪಲ್ ಸಂಸ್ಥೆಯ ಫ್ಯೂಷನ್ ಡ್ರೈವ್ 2012 ರಲ್ಲಿ 128 ಜಿಬಿ ಫ್ಲ್ಯಾಶ್‌ನೊಂದಿಗೆ ಬಂದಿತು. 2015 ರಲ್ಲಿ 1 ಟಿಬಿ ಮಾದರಿಯ ಫ್ಲ್ಯಾಶ್ ಅನ್ನು 24 ಜಿಬಿಗೆ ಇಳಿಸಲಾಯಿತು. ಹೆಸರು ಅದೇ, ಸಾಮರ್ಥ್ಯವೂ ಅದೇ 1 ಟಿಬಿ, ಕಾರ್ಯಕ್ಷಮತೆ ಮಾತ್ರ ಬೇರೆ. ಆದ್ದರಿಂದ ಹೆಸರನ್ನು ನೋಡಿ ಖರೀದಿಸದೆ ಫ್ಲ್ಯಾಶ್‌ನ ಪ್ರಮಾಣವನ್ನು ಕೇಳಿ ತಿಳಿಯುವುದು ಅವಶ್ಯಕ.

ದತ್ತಾಂಶದ ಸುರಕ್ಷತೆಯ ದೃಷ್ಟಿಯಿಂದ ಇನ್ನೊಂದು ಮುಖ್ಯ ವ್ಯತ್ಯಾಸವಿದೆ. ಕ್ಯಾಶ್ ಕ್ರಮದಲ್ಲಿ ಫ್ಲ್ಯಾಶ್‌ನಲ್ಲಿರುವುದು ಪ್ರತಿ ಮಾತ್ರ. ಮೂಲ ಕಡತ ತಟ್ಟೆಯಲ್ಲಿಯೇ ಇರುತ್ತದೆ. ಫ್ಯೂಷನ್ ಡ್ರೈವ್ ಕ್ರಮದಲ್ಲಿ ಕಡತವನ್ನೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲಾಗುತ್ತದೆ. ಎರಡೂ ಸೇರಿ ಒಂದೇ ಸಂಗ್ರಹವೆನಿಸುತ್ತವೆ. ಎರಡು ಸಾಧನಗಳ ಪೈಕಿ ಯಾವುದಾದರೊಂದು ಕೆಟ್ಟರೂ ಸಂಪೂರ್ಣ ದತ್ತಾಂಶ ಕೈತಪ್ಪುವ ಸಂಭವವಿರುತ್ತದೆ. ಇಂಟೆಲ್‌ನ ಕ್ಯಾಶ್ ವ್ಯವಸ್ಥೆಯುಳ್ಳ ಯಂತ್ರದಲ್ಲಿ ಕ್ಯಾಶ್ ಅನ್ನು ತಂತ್ರಾಂಶದಲ್ಲಿ ನಿಷ್ಕ್ರಿಯಗೊಳಿಸದೆ ಯಾವ ಡ್ರೈವ್ ಅನ್ನೂ ಹೊರತೆಗೆಯಬಾರದು.

10. ಖರೀದಿಸುವ ಮುನ್ನ ಗಮನಿಸಬೇಕಾದ ಅಂಶಗಳು

(1) "ಹೈಬ್ರಿಡ್" ಎಂಬ ಪದಕ್ಕೆ ತೃಪ್ತರಾಗದೆ, ಫ್ಲ್ಯಾಶ್ ಎಷ್ಟು ಜಿಬಿ ಎಂದು ಕೇಳಿ ಅದನ್ನು ಬಿಲ್ಲಿನಲ್ಲಿ ನಮೂದಿಸುವಂತೆ ಕೋರತಕ್ಕದ್ದು.
(2) ವಿಂಡೋಸ್ ಯಂತ್ರದಲ್ಲಿ ಡಿವೈಸ್ ಮ್ಯಾನೇಜರ್‌ನ ಡಿಸ್ಕ್ ಡ್ರೈವ್ಸ್ ಪಟ್ಟಿಯಲ್ಲಿ ಡ್ರೈವ್‌ನ ಮಾದರಿ ಸಂಖ್ಯೆ ಇರುತ್ತದೆ. ಅದನ್ನು ತಯಾರಕರ ವಿವರಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು.
(3) ಫೈರ್‌ಕುಡಾ ಎಂಬ ಹೆಸರಿನಲ್ಲಿ 2019 ರಿಂದ ಪೂರ್ಣ ಎಸ್‌ಎಸ್‌ಡಿಗಳೂ ಬಂದಿವೆ. ಹೆಸರೊಂದರಿಂದಲೇ ಡ್ರೈವ್‌ನ ಬಗೆಯನ್ನು ನಿರ್ಧರಿಸಬಾರದು.
(4) ಬಳಸಿದ ಹೈಬ್ರಿಡ್ ಡ್ರೈವ್‌ನಲ್ಲಿ ತಟ್ಟೆ ಮತ್ತು ಮೋಟಾರ್ ಸವೆದಿರುತ್ತವೆ. ಕಟಕಟ ಸದ್ದು, ಆಗಾಗ್ಗೆ ಸ್ತಬ್ಧವಾಗುವಿಕೆ ಕಂಡುಬಂದಲ್ಲಿ ಖರೀದಿಸದಿರುವುದು ಒಳಿತು.
(5) ಹಳೆಯ ಲ್ಯಾಪ್‌ಟಾಪ್‌ನ ವೇಗ ಹೆಚ್ಚಿಸುವುದೇ ಉದ್ದೇಶವಾಗಿದ್ದಲ್ಲಿ, ಅದೇ ಸ್ಥಳದಲ್ಲಿ ಹೊಂದಿಕೊಳ್ಳುವ 2.5 ಅಂಗುಲದ ಸಾಟಾ ಎಸ್‌ಎಸ್‌ಡಿ ಹೆಚ್ಚು ಪರಿಣಾಮಕಾರಿ. ಮನೆಯ ಬಳಕೆಗೆ 240 ಅಥವಾ 256 ಜಿಬಿ ಸಾಕಾಗುವವರು 1 ಟಿಬಿ ಹೈಬ್ರಿಡ್ ಡ್ರೈವ್‌ಗೆ ಹಣ ವ್ಯಯಿಸುವ ಮುನ್ನ ಎರಡರ ಬೆಲೆಯನ್ನೂ ವಿಚಾರಿಸತಕ್ಕದ್ದು. ಬೆಲೆಗಳು ಆಗಿಂದಾಗ್ಗೆ ಬದಲಾಗುವುದರಿಂದ ಇಲ್ಲಿ ನಮೂದಿಸಿಲ್ಲ.

11. ಡ್ರೈವ್ ಬದಲಾವಣೆ ಮತ್ತು ವಿಲೇವಾರಿ

ಡ್ರೈವ್ ಬದಲಾಯಿಸುವ ಮುನ್ನ ಅಂಕಪಟ್ಟಿ, ಆಸ್ತಿಪತ್ರ, ಛಾಯಾಚಿತ್ರ ಮುಂತಾದವುಗಳ ಪ್ರತಿಯನ್ನು ಬೇರೊಂದು ಸಾಧನದಲ್ಲಿ ಇರಿಸಿ, ಆ ಪ್ರತಿ ತೆರೆಯುತ್ತದೆಯೇ ಎಂದು ಪರಿಶೀಲಿಸಬೇಕು. ಕೆಟ್ಟ ಡ್ರೈವ್‌ಗೆ ಪರ್ಯಾಯ ದೊರೆಯುತ್ತದೆ. ಕಳೆದುಹೋದ ಕಡತಕ್ಕೆ ದೊರೆಯುವುದಿಲ್ಲ. ಪ್ಲೇಸ್ಟೇಷನ್ 4 ರಲ್ಲಿ ಆಟದ ಉಳಿತಾಯ ಕಡತಗಳನ್ನು ಮೊದಲು ಯುಎಸ್‌ಬಿ ಸಾಧನಕ್ಕೆ ನಕಲು ಮಾಡಿ, ಹೊಸ ಡ್ರೈವ್ ಅಳವಡಿಸಿದ ನಂತರ ಸೋನಿ ಸಂಸ್ಥೆಯ ಅಧಿಕೃತ ಜಾಲತಾಣದಿಂದ ಪಡೆದ ಪೂರ್ಣ ವ್ಯವಸ್ಥಾ ತಂತ್ರಾಂಶವನ್ನು ಮರುಸ್ಥಾಪಿಸಬೇಕು.

ಹಳೆಯ ಡ್ರೈವ್ ಅನ್ನು ಮಾರುವ ಅಥವಾ ಕೊಡುವ ಮುನ್ನ ಕಡತಗಳನ್ನು ಅಳಿಸಿದರಷ್ಟೇ ಸಾಲದು. ಅಳಿಸಿದ ಕಡತಗಳನ್ನು ಮರಳಿ ಪಡೆಯಲು ಸಾಧ್ಯವಿದೆ. ಹೈಬ್ರಿಡ್ ಡ್ರೈವ್‌ನಲ್ಲಿ ದತ್ತಾಂಶ ತಟ್ಟೆ ಮತ್ತು ಫ್ಲ್ಯಾಶ್ ಎರಡರಲ್ಲಿಯೂ ಇರಬಹುದಾದುದರಿಂದ, ತಯಾರಕರು ಒದಗಿಸುವ ಪೂರ್ಣ ಅಳಿಸುವ ಸಾಧನವನ್ನು ಬಳಸತಕ್ಕದ್ದು. ಕೆಟ್ಟ ಡ್ರೈವ್‌ಗಳನ್ನು ಮನೆಯ ಕಸದೊಂದಿಗೆ ಹಾಕಬಾರದು. 2023 ರ ಏಪ್ರಿಲ್ 1 ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022 ರನ್ವಯ ನೋಂದಾಯಿತ ಮರುಬಳಕೆದಾರರ ವ್ಯವಸ್ಥೆಯ ಮೂಲಕ ವಿಲೇವಾರಿಯಾಗುವಂತೆ ಇ-ತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ ಒಪ್ಪಿಸಬೇಕು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: 1 ಟಿಬಿ ಡ್ರೈವ್ ಎಂದು ಮಾರಿದ್ದಾರೆ, ಗಣಕಯಂತ್ರದಲ್ಲಿ 931 ಜಿಬಿ ಎಂದು ತೋರುತ್ತಿದೆ. ಇದು ಮೋಸವೇ?
ಉತ್ತರ: ಅಲ್ಲ. ತಯಾರಕರು 1 ಟಿಬಿಯನ್ನು ಒಂದು ಲಕ್ಷ ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1,024 ರ ಗುಣಕದಲ್ಲಿ ಎಣಿಸುತ್ತದೆ. ಎಣಿಕೆಯ ಕ್ರಮ ಬೇರೆ, ಸ್ಥಳ ಒಂದೇ.

ಪ್ರಶ್ನೆ: 8 ಜಿಬಿ ಫ್ಲ್ಯಾಶ್ ಭಾಗವು ಪ್ರತ್ಯೇಕ ಡ್ರೈವ್ ಆಗಿ ಏಕೆ ಕಾಣುವುದಿಲ್ಲ?
ಉತ್ತರ: ಅದು ಕ್ಯಾಶ್ ಆಗಿ ಡ್ರೈವ್‌ನ ಒಳಗೇ ನಿರ್ವಹಣೆಯಾಗುತ್ತದೆ. ಬಳಕೆದಾರರಿಗೆ ಪ್ರತ್ಯೇಕ ಸ್ಥಳವಾಗಿ ದೊರೆಯುವುದಿಲ್ಲ.

ಪ್ರಶ್ನೆ: ಈಗಾಗಲೇ ಹೈಬ್ರಿಡ್ ಡ್ರೈವ್ ಇದೆ. ಅದನ್ನು ಕೂಡಲೇ ಬದಲಾಯಿಸಬೇಕೇ?
ಉತ್ತರ: ಅಗತ್ಯವಿಲ್ಲ. ಡ್ರೈವ್ ಸುಸ್ಥಿತಿಯಲ್ಲಿದ್ದು ಕೆಲಸಕ್ಕೆ ಸಾಕಾಗುತ್ತಿದ್ದರೆ ಬಳಕೆ ಮುಂದುವರಿಸಬಹುದು. ಆದರೆ ಮುಖ್ಯ ಕಡತಗಳ ಪ್ರತಿಯನ್ನು ತಪ್ಪದೆ ಬೇರೆಡೆ ಇರಿಸತಕ್ಕದ್ದು.

13. ದೂರು ಸಲ್ಲಿಸುವ ಬಗ್ಗೆ

ಹಳೆಯ ಅಥವಾ ದುರಸ್ತಿ ಮಾಡಿದ ಸರಕನ್ನು ಹೊಸದೆಂದು ಮಾರುವುದು ಹಾಗೂ ಬಿಲ್ ನೀಡದಿರುವುದು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ರ ಮೇರೆಗೆ ಅನುಚಿತ ವ್ಯಾಪಾರ ಪದ್ಧತಿಗಳಾಗಿವೆ. ಹೈಬ್ರಿಡ್ ಡ್ರೈವ್ ಅನ್ನು ಎಸ್‌ಎಸ್‌ಡಿ ಎಂದು ಸುಳ್ಳು ಹೇಳಿ ಮಾರಿದಲ್ಲಿಯೂ ದೂರು ನೀಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕ್ಕೆ ಕರೆ ಮಾಡಬಹುದು ಅಥವಾ ಜಿಲ್ಲಾ ಗ್ರಾಹಕ ಆಯೋಗಕ್ಕೆ, ದೂರಿನ ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ, ದೂರು ಸಲ್ಲಿಸಬಹುದು. ಬಿಲ್, ಖಾತರಿ ಪತ್ರ, ಡ್ರೈವ್‌ನ ಮಾದರಿ ಸಂಖ್ಯೆ ಹಾಗೂ ಮಾರಾಟಗಾರರು ನೀಡಿದ ಜಾಹೀರಾತಿನ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

14. ಸಾರಾಂಶ

ಹೈಬ್ರಿಡ್ ಡ್ರೈವ್ ಇಡೀ ಯಂತ್ರವನ್ನು ವೇಗಗೊಳಿಸುವ ಸಾಧನವಲ್ಲ. ಪದೇ ಪದೇ ಮಾಡುವ ಕೆಲಸವನ್ನು ಮಾತ್ರ ವೇಗಗೊಳಿಸುವ ಸಾಧನ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವ ಟಿಬಿ ಸಂಖ್ಯೆ ಸಂಗ್ರಹದ ಅಳತೆಯೇ ಹೊರತು ವೇಗದ ಅಳತೆಯಲ್ಲ. ಖರೀದಿಸುವವರು ತಮ್ಮ ನಿತ್ಯದ ಕೆಲಸ ಯಾವುದು, ಅದು ಎಷ್ಟು ಬಾರಿ ಪುನರಾವರ್ತನೆಯಾಗುತ್ತದೆ ಮತ್ತು ಫ್ಲ್ಯಾಶ್ ಎಷ್ಟು ಜಿಬಿ ಇದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡು ತೀರ್ಮಾನಿಸುವುದು ಸೂಕ್ತ.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಯಾವುದೇ ಸಂಸ್ಥೆಯ ಉತ್ಪನ್ನವನ್ನು ಇಲ್ಲಿ ಶಿಫಾರಸು ಮಾಡಿರುವುದಿಲ್ಲ.